ಆಸ್ಟ್ರೇಲಿಯದಲ್ಲಿ ಮನೆವಾರ್ತೆ: ಬಾಡಿಗೆ, ದಾರಿ ಮತ್ತು ದಿನವೆಚ್ಚ

ಪರದೇಶಕ್ಕೆ ಹೊರಟವರ ಲೆಕ್ಕಾಚಾರವು ಬಹುಮಟ್ಟಿಗೆ ವಿಮಾನ ನಿಲ್ದಾಣದಲ್ಲಿಯೇ ಮುಗಿದುಹೋಗುತ್ತದೆ. ವೀಸಾ ಶುಲ್ಕವೆಷ್ಟು, ಟಿಕೇಟಿನ ಬೆಲೆಯೆಷ್ಟು, ಅಲ್ಲಿ ದೊರೆಯುವ ಸಂಬಳವೆಷ್ಟು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿತೆಂದರೆ ಮನೆಯ ಹಿರಿಯರಿಗೆ ಸಮಾಧಾನ. ಆ ಸಂಬಳವನ್ನು ರೂಪಾಯಿಗೆ ಪರಿವರ್ತಿಸಿ ನೋಡಿದಾಗಲಂತೂ ಅದು ನಮ್ಮ ಊರಿನ ಕಣ್ಣಿಗೆ ಒಂದು ಹೊಲದ ಬೆಲೆಯಂತೆ ತೋರುವುದು ಸಹಜವೇ ಆಗಿದೆ. ಆದರೆ ಸಂಬಳವು ಡಾಲರಿನಲ್ಲಿ ಬರುವಂತೆಯೇ ವೆಚ್ಚವೂ ಡಾಲರಿನಲ್ಲಿಯೇ ಆಗುತ್ತದೆ. ಈ ಎರಡನೆಯ ಲೆಕ್ಕವನ್ನು ಹೊರಡುವ ಮೊದಲೇ ಕಾಗದದ ಮೇಲೆ ಬರೆದು ನೋಡುವವರು ವಿರಳ. ಹೊಲವನ್ನು ಅಡವಿಟ್ಟು ಮಗನನ್ನೋ ಮಗಳನ್ನೋ ಕಳುಹಿಸಿದ ಪಾಲಕರು ಆರು ತಿಂಗಳಾದರೂ ಹಣ ಬರಲಿಲ್ಲವೆಂದು ಕಳವಳಪಡುವುದಕ್ಕೂ, ಅತ್ತ ಹೋದವರು ಮನೆಯವರಿಗೆ ಹೇಳಲಾರದೆ ಒಳಗೊಳಗೇ ಕುದಿಯುವುದಕ್ಕೂ ಈ ಬರೆಯದ ಲೆಕ್ಕವೇ ಅನೇಕ ವೇಳೆ ಕಾರಣವಾಗಿರುತ್ತದೆ.

ಬಿಳಿಯರಿಗಷ್ಟೇ ಬಾಗಿಲು ತೆರೆದಿಟ್ಟಿದ್ದ ವಲಸೆ ನೀತಿಯ ಕೊನೆಯ ಅವಶೇಷಗಳನ್ನು ಆಸ್ಟ್ರೇಲಿಯ ಸರಕಾರವು 1973ರಲ್ಲಿ ತೊಡೆದುಹಾಕಿತು. ಅಲ್ಲಿಂದ ಮುಂದೆ ಅರ್ಧ ಶತಮಾನದೊಳಗೆ, 2021ರ ಜನಗಣತಿಯ ಹೊತ್ತಿಗೆ, ಭಾರತದಲ್ಲಿ ಹುಟ್ಟಿ ಅಲ್ಲಿ ನೆಲೆಸಿದವರ ಸಂಖ್ಯೆ 6,73,352 ಆಗಿತ್ತು. ಹೊರದೇಶಗಳಲ್ಲಿ ಹುಟ್ಟಿದವರ ಪೈಕಿ ಆ ಜನಗಣತಿಯಲ್ಲಿ ಇಂಗ್ಲೆಂಡಿನವರನ್ನು ಬಿಟ್ಟರೆ ಭಾರತದವರೇ ಹೆಚ್ಚಾಗಿದ್ದರು. ಇವರಲ್ಲಿ ಕನ್ನಡ ನಾಡಿನ ಇಂಜಿನಿಯರರೂ ದಾದಿಯರೂ ಲೆಕ್ಕಿಗರೂ ವಿದ್ಯಾರ್ಥಿಗಳೂ ಇದ್ದಾರೆ. ನಮ್ಮ ಶಾಲೆಗಳಂಥ ಶಾಲೆಗಳಲ್ಲಿ ಓದಿ ಹೋದವರು ತಮ್ಮ ಹಳೆಯ ಶಿಕ್ಷಕರನ್ನು ಕೇಳುವ ಪ್ರಶ್ನೆಗಳಲ್ಲಿ ಈ ವಿಷಯವೂ ಸೇರಿಕೊಂಡಿರುವುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸುವುದು ಅನುಚಿತವಾಗಲಾರದು.

ಮೊಟ್ಟಮೊದಲು ಗಮನಿಸತಕ್ಕ ಅಂಶವೆಂದರೆ, ಅಲ್ಲಿಯ ಗೃಹಕೃತ್ಯದ ಮೂಲಮಾನವು ತಿಂಗಳಲ್ಲ, ವಾರ. ಮನೆಯ ಬಾಡಿಗೆಯನ್ನು ವಾರದ ದರದಲ್ಲಿ ಹೇಳುತ್ತಾರೆ. ಅನೇಕ ಕಡೆ ವೇತನವೂ ಹದಿನೈದು ದಿನಕ್ಕೊಮ್ಮೆ ಬರುತ್ತದೆ. ವಾರಕ್ಕೆ 700 ಡಾಲರ್ ಬಾಡಿಗೆ ಎಂದಾಗ ನಮ್ಮವರು ಅದನ್ನು ನಾಲ್ಕರಿಂದ ಗುಣಿಸಿ ತಿಂಗಳಿಗೆ 2,800 ಎಂದು ಬರೆದುಕೊಳ್ಳುತ್ತಾರೆ. ವರ್ಷದಲ್ಲಿ 52 ವಾರಗಳಿರುವುದರಿಂದ ನಿಜವಾದ ಸರಾಸರಿ 3,033 ಡಾಲರ್. ತಿಂಗಳಿಗೆ 233 ಡಾಲರಿನ ಈ ವ್ಯತ್ಯಾಸವು ಒಂದು ಸಣ್ಣ ಕುಟುಂಬದ ವಾರದ ದಿನಸಿಗೆ ಸಾಕಾಗಬಹುದಾದ ಮೊತ್ತ. ಇದು ಎಲ್ಲಿ ಸೋರಿಹೋಯಿತೆಂದು ಹುಡುಕುತ್ತಿರುವಾಗಲೇ ಮುಂದಿನ ತಿಂಗಳು ಬಂದಿರುತ್ತದೆ.

ಇನ್ನು ಸಂಬಳದ ಮಾತು. ವರ್ಷಕ್ಕೆ 80,000 ಡಾಲರ್ ವೇತನವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 2025-26ನೆಯ ಆರ್ಥಿಕ ವರ್ಷದ ದರದಂತೆ ಮೊದಲ 18,200 ಡಾಲರಿಗೆ ಆದಾಯ ತೆರಿಗೆಯಿಲ್ಲ. ಅಲ್ಲಿಂದ 45,000ದವರೆಗೆ ಶೇಕಡಾ 16, ಅದರ ಮೇಲೆ 1,35,000ದವರೆಗೆ ಶೇಕಡಾ 30. ಹೀಗೆ ಎಣಿಸಿದರೆ ತೆರಿಗೆ 14,788 ಡಾಲರ್. ಇದರ ಮೇಲೆ ಆರೋಗ್ಯ ವ್ಯವಸ್ಥೆಗಾಗಿ ಶೇಕಡಾ 2ರ ಮೆಡಿಕೇರ್ ಕರ 1,600 ಡಾಲರ್. ಕೈಗೆ ಉಳಿಯುವುದು 63,612, ಅಂದರೆ ವಾರಕ್ಕೆ ಸುಮಾರು 1,223 ಡಾಲರ್. ಮೆಡಿಕೇರಿಗೆ ಅರ್ಹರಲ್ಲದ ತಾತ್ಕಾಲಿಕ ವೀಸಾದವರು ಆ ಕರದಿಂದ ವಿನಾಯಿತಿ ಕೇಳಬಹುದು. ಕೇಳದೆ ಅದು ತಾನಾಗಿ ದೊರೆಯುವುದಿಲ್ಲ. ಅಲ್ಲಿಯ ಆರ್ಥಿಕ ವರ್ಷವು ಜುಲೈಯಿಂದ ಜೂನ್‌ವರೆಗೆ ಎಂಬುದನ್ನೂ ನೆನಪಿಡಬೇಕು.

ಇಲ್ಲಿಯೇ ಇನ್ನೊಂದು ಸೂಕ್ಷ್ಮವಿದೆ. ನೌಕರರ ವೃದ್ಧಾಪ್ಯದ ನಿಧಿಗಾಗಿ ಮಾಲಿಕನು ಕಡ್ಡಾಯವಾಗಿ ಕಟ್ಟಬೇಕಾದ ಸೂಪರ್‌ಆನ್ಯುಯೇಶನ್ ಎಂಬ ವಂತಿಗೆಯು 2025ರ ಜುಲೈ 1ರಿಂದ ಶೇಕಡಾ 12 ಆಗಿದೆ. ಕೆಲಸ ಕೊಡುವವರು 80,000 ಎಂದು ಹೇಳಿದಾಗ ಅದು ಈ ವಂತಿಗೆಯನ್ನು ಬಿಟ್ಟು ಹೇಳಿದ್ದೋ ಸೇರಿಸಿ ಹೇಳಿದ್ದೋ ಎಂದು ಕೇಳಿ ತಿಳಿಯತಕ್ಕದ್ದು. ಸೇರಿಸಿ ಹೇಳಿದ್ದಾದರೆ ಮೂಲ ವೇತನವು 71,428ಕ್ಕೆ ಇಳಿಯುತ್ತದೆ. ಆ ನಿಧಿಯ ಹಣವನ್ನು ನಿವೃತ್ತಿಯ ವಯಸ್ಸಿನವರೆಗೆ ಮುಟ್ಟುವಂತಿಲ್ಲ. ತಾತ್ಕಾಲಿಕ ವೀಸಾದವರು ದೇಶವನ್ನು ಬಿಟ್ಟು ಹೊರಟ ಮೇಲೆ ಅದನ್ನು ಹಿಂದಕ್ಕೆ ಪಡೆಯಬಹುದಾದರೂ ಸಾಮಾನ್ಯವಾಗಿ ಶೇಕಡಾ 35ರಷ್ಟು ತೆರಿಗೆ ಮುರಿದುಕೊಳ್ಳುತ್ತಾರೆ.

ಮನೆ ಹುಡುಕುವುದು ಹೊಸಬರಿಗೆ ನಿಜವಾಗಿಯೂ ಒಂದು ಪರೀಕ್ಷೆ. ಗೊತ್ತುಪಡಿಸಿದ ದಿನ ಹದಿನೈದಿಪ್ಪತ್ತು ನಿಮಿಷ ಬಾಗಿಲು ತೆರೆದು ತೋರಿಸುತ್ತಾರೆ. ಸಾಲಿನಲ್ಲಿ ನಿಂತು ನೋಡಿ ಅರ್ಜಿ ಹಾಕಬೇಕು. ಹಿಂದಿನ ಬಾಡಿಗೆಯ ದಾಖಲೆಯನ್ನು ಕೇಳುತ್ತಾರೆ, ಹೊಸದಾಗಿ ಬಂದವನಲ್ಲಿ ಅದು ಎಲ್ಲಿಂದ ಬರಬೇಕು? ಮನೆ ಸಿಕ್ಕಿತೆನ್ನಿ. ಸಾಮಾನ್ಯವಾಗಿ ನಾಲ್ಕು ವಾರದ ಬಾಡಿಗೆಯನ್ನು ಠೇವಣಿಯಾಗಿಯೂ ಎರಡು ವಾರದ್ದನ್ನು ಮುಂಗಡವಾಗಿಯೂ ಕೊಡಬೇಕು. 700 ಡಾಲರಿನ ಮನೆಗೆ ಇದು 4,200 ಡಾಲರ್. ಠೇವಣಿಯು ಮಾಲಿಕನ ಜೇಬಿನಲ್ಲಿ ಉಳಿಯದೆ ಆಯಾ ರಾಜ್ಯದ ಸರಕಾರಿ ಪ್ರಾಧಿಕಾರದಲ್ಲಿ ಜಮೆಯಾಗುವುದು ಆ ದೇಶದ ಒಳ್ಳೆಯ ಪದ್ಧತಿಗಳಲ್ಲೊಂದು. ನಮ್ಮ ನಗರಗಳು ಇದನ್ನು ಕಲಿಯಬಹುದು. ಮನೆಯೊಳಗೆ ಹೋಗುವಾಗ ಪ್ರತಿಯೊಂದು ಗೋಡೆಯ, ನೆಲದ, ಕಿಟಕಿಯ ಸ್ಥಿತಿಯನ್ನು ದಾಖಲಿಸುವ ವರದಿಗೆ ಸಹಿ ಹಾಕಬೇಕಾಗುತ್ತದೆ. ಅದನ್ನು ಓದದೆ ಸಹಿ ಮಾಡಿದವರು ಹಿಂದಿನ ಬಾಡಿಗೆದಾರನ ಕಲೆಗಳಿಗೆ ತಮ್ಮ ಠೇವಣಿಯಿಂದ ದಂಡ ತೆರುವ ಸಂಭವವಿದೆ. ಒಲೆಯೊಂದನ್ನು ಬಿಟ್ಟರೆ ಫ್ರಿಜ್, ಬಟ್ಟೆ ಒಗೆಯುವ ಯಂತ್ರ, ಮಂಚ ಯಾವುದೂ ಸಾಮಾನ್ಯವಾಗಿ ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ ಮುಖ್ಯವಾದ ಮಾತಿಗೆ ಬರೋಣ. ಬಾಡಿಗೆ ಮತ್ತು ದಾರಿಯ ಖರ್ಚು ಇವೆರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆಯಬಾರದು. ಆಸ್ಟ್ರೇಲಿಯದ ನಗರಗಳು ಎತ್ತರಕ್ಕಿಂತ ಅಗಲಕ್ಕೆ ಬೆಳೆದವು. ಸಿಡ್ನಿಯ ಪಶ್ಚಿಮದ ಬ್ಲ್ಯಾಕ್‌ಟೌನ್ ನಗರಮಧ್ಯದಿಂದ ಸುಮಾರು 35 ಕಿಲೋಮೀಟರ್. ಮೆಲ್ಬರ್ನ್‌ನ ಪಶ್ಚಿಮದಂಚಿನ ಟಾರ್ನಿಟ್ ಸುಮಾರು 25 ಕಿಲೋಮೀಟರ್. ನಮ್ಮ ದೇಶದವರು ಬಹಳವಾಗಿ ನೆಲೆಸಿರುವುದು ಇಂಥ ಹೊರವಲಯಗಳಲ್ಲಿಯೇ. ಕಾರಣ ಸ್ಪಷ್ಟ: ಅದೇ ಹಣಕ್ಕೆ ಅಲ್ಲಿ ದೊಡ್ಡ ಮನೆ ದೊರೆಯುತ್ತದೆ, ನೆರೆಯಲ್ಲಿ ನಮ್ಮವರಿರುತ್ತಾರೆ, ಭಾರತೀಯ ಅಂಗಡಿಗಳಿರುತ್ತವೆ.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ರೈಲು ನಿಲ್ದಾಣಕ್ಕೆ ನಡೆದು ಹೋಗಬಹುದಾದ ಮನೆಗೆ ವಾರಕ್ಕೆ 700 ಡಾಲರ್. ನಿಲ್ದಾಣದಿಂದ ದೂರವಾದ ಹೊಸ ಬಡಾವಣೆಯಲ್ಲಿ ಅದಕ್ಕಿಂತ ವಿಶಾಲವಾದ ಮನೆಗೆ 580. ಉಳಿತಾಯ 120 ಡಾಲರ್ ಎಂದು ಯಾರಾದರೂ ಎರಡನೆಯದನ್ನೇ ಆರಿಸಿಯಾರು. ಈಗ ದಾರಿಯನ್ನು ಕೂಡಿಸಿ. ಸಿಡ್ನಿಯಲ್ಲಿ ಓಪಲ್ ಎಂಬ ಕಾರ್ಡಿನಿಂದ ರೈಲು, ಬಸ್ಸು, ದೋಣಿ, ಟ್ರಾಮ್ ಎಲ್ಲದರಲ್ಲಿಯೂ ಪ್ರಯಾಣಿಸಬಹುದು. ದರವು ದೂರವನ್ನು ಅನುಸರಿಸುತ್ತದೆ. ಆದರೆ ಸೋಮವಾರದಿಂದ ಭಾನುವಾರದವರೆಗೆ ವಯಸ್ಕನೊಬ್ಬನಿಂದ 50 ಡಾಲರಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂಬ ಮಿತಿಯನ್ನು 2019ರ ಜೂನ್‌ನಲ್ಲಿ ಗೊತ್ತುಮಾಡಿದರು. ಹಾಗಾಗಿ ಎಷ್ಟೇ ದೂರದಿಂದ ಬಂದರೂ ರೈಲಿನ ವೆಚ್ಚಕ್ಕೆ ಒಂದು ಛಾವಣಿಯಿದೆ. ಕಾರಿಗೆ ಅಂಥ ಛಾವಣಿಯಿಲ್ಲ. ಉದ್ಯೋಗದ ಕಾರ್ಯಕ್ಕಾಗಿ ಸ್ವಂತ ಕಾರನ್ನು ಓಡಿಸುವವರಿಗೆ ಅಲ್ಲಿಯ ತೆರಿಗೆ ಇಲಾಖೆಯು 2024-25ರಲ್ಲಿ ಕಿಲೋಮೀಟರಿಗೆ 88 ಸೆಂಟಿನ ದರವನ್ನು ಒಪ್ಪಿಕೊಂಡಿತ್ತು. ಇಂಧನ, ವಿಮೆ, ದುರಸ್ತಿ, ಕಾರಿನ ಸವಕಳಿ ಎಲ್ಲವೂ ಇದರಲ್ಲಿ ಅಡಕವಾಗಿವೆ. ಹೋಗಿ ಬರಲು 50 ಕಿಲೋಮೀಟರಿನಂತೆ ಐದು ದಿನಕ್ಕೆ 250 ಕಿಲೋಮೀಟರ್. ಆ ದರದಲ್ಲಿ 220 ಡಾಲರ್. ರೈಲಿಗಿಂತ 170 ಹೆಚ್ಚು. ಉಳಿಸಿದ 120 ಎಲ್ಲಿ ಹೋಯಿತು?

ಇದಕ್ಕೆ ಪ್ರತಿವಾದವಿದೆ, ಅದು ನ್ಯಾಯವಾದದ್ದೂ ಹೌದು. ಮನೆಯಲ್ಲಿ ಹೇಗೂ ಒಂದು ಕಾರು ಇದೆಯೆಂದಾದರೆ ಅದರ ವಿಮೆ, ನೋಂದಣಿಗಳ ಖರ್ಚು ಆಗಲೇ ಆಗಿರುತ್ತದೆ. ಹೆಚ್ಚಾಗುವುದು ಇಂಧನ ಮತ್ತು ಸವೆತ ಮಾತ್ರ. ನೂರು ಕಿಲೋಮೀಟರಿಗೆ 8 ಲೀಟರ್ ಕುಡಿಯುವ ಕಾರು ವಾರಕ್ಕೆ 20 ಲೀಟರ್ ಬೇಡುತ್ತದೆ. ಲೀಟರಿಗೆ 2 ಡಾಲರ್ ಹಿಡಿದರೂ 40 ಡಾಲರ್. ನಿಜ. ಆದರೆ ಗಂಡನು ಕಾರನ್ನು ಬೆಳಿಗ್ಗೆ ಒಯ್ದು ಸಂಜೆ ತಂದರೆ ಹಗಲೆಲ್ಲ ಮನೆಯವರ ಗತಿಯೇನು? ಶಾಲೆ, ವೈದ್ಯರು, ತರಕಾರಿ ಎಲ್ಲವೂ ಎರಡು ಮೂರು ಕಿಲೋಮೀಟರಿನಾಚೆ. ಹೀಗೆ ವರ್ಷದೊಳಗೆ ಎರಡನೆಯ ಕಾರು ಬಂದೇ ಬರುತ್ತದೆ. ದೂರದ ಮನೆಯ ನಿಜವಾದ ಬೆಲೆಯೆಂದರೆ ಈ ಎರಡನೆಯ ಕಾರು. ಪ್ರತಿ ವಾಹನಕ್ಕೂ ನೋಂದಣಿ ಶುಲ್ಕ, ಅಪಘಾತದಲ್ಲಿ ಗಾಯಗೊಂಡವರಿಗಾಗಿ ಕಡ್ಡಾಯ ವಿಮೆ, ಸ್ವಂತ ವಾಹನದ ಹಾನಿಗೆ ಬೇರೆ ವಿಮೆ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಐದು ವರ್ಷ ಮೀರಿದ ವಾಹನಕ್ಕೆ ವರ್ಷಕ್ಕೊಮ್ಮೆ ತಪಾಸಣೆಯೂ ಉಂಟು. ಸಿಡ್ನಿಯ ಹೆದ್ದಾರಿ ಸುಂಕಗಳು ಎಷ್ಟರಮಟ್ಟಿಗೆ ಜನರನ್ನು ಹಿಂಡಿದವೆಂದರೆ, 2024ರ ಜನವರಿಯಿಂದ ವಾರಕ್ಕೆ 60 ಡಾಲರಿಗಿಂತ ಹೆಚ್ಚು ಸುಂಕ ತೆತ್ತವರಿಗೆ ಹೆಚ್ಚಿನ ಹಣವನ್ನು ಸರಕಾರವೇ ಮರಳಿಸುವ ಯೋಜನೆಯನ್ನು ತರಬೇಕಾಯಿತು. ನಗರಮಧ್ಯದಲ್ಲಿ ಕಾರು ನಿಲ್ಲಿಸುವ ದರವನ್ನು ಕೇಳಿದವರು ಮರುದಿನದಿಂದ ರೈಲನ್ನೇ ಹಿಡಿಯುತ್ತಾರೆ. ಇಷ್ಟಾಗಿಯೂ, ಮನೆಯಿಂದ ಕೆಲಸಕ್ಕೆ ಹೋಗಿಬರುವ ಸಾಮಾನ್ಯ ಪ್ರಯಾಣದ ವೆಚ್ಚವನ್ನು ಅಲ್ಲಿಯ ಆದಾಯ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ.

ಹೊತ್ತಿನ ಲೆಕ್ಕವೊಂದು ಬೇರೆಯೇ ಇದೆ. ಒಂದೂಕಾಲು ಗಂಟೆಯ ದಾರಿಯೆಂದರೆ ವಾರಕ್ಕೆ ಹನ್ನೆರಡೂವರೆ ಗಂಟೆ. ಬೆಂಗಳೂರಿನಲ್ಲಿದ್ದು ಹೋದವರಿಗೆ ಇದೇನೂ ಹೊಸದಲ್ಲವೆಂದು ವಾಚಕರು ನಗಬಹುದು. ಆದರೆ ಬೆಂಗಳೂರಿನಲ್ಲಿ ಮಗುವನ್ನು ನೋಡಿಕೊಳ್ಳಲು ಅಜ್ಜಿಯಿದ್ದಳು. ಅಲ್ಲಿಯ ಶಿಶುಪಾಲನಾ ಕೇಂದ್ರವು ಸಂಜೆ ಆರರ ಸುಮಾರಿಗೆ ಬಾಗಿಲು ಹಾಕುತ್ತದೆ, ತಡವಾದರೆ ದಂಡ. ದಿನಕ್ಕೆ 100 ಡಾಲರ್ ಮೀರುವ ಶುಲ್ಕ ಅಲ್ಲಿ ಸಾಮಾನ್ಯ. ಆದಾಯವನ್ನು ನೋಡಿ ಸರಕಾರವು ಸಹಾಯಧನ ಕೊಡುತ್ತದಾದರೂ ತಾತ್ಕಾಲಿಕ ವೀಸಾದ ಬಹುತೇಕ ಕುಟುಂಬಗಳಿಗೆ ಅದು ದಕ್ಕುವುದಿಲ್ಲ. ಹೆಂಡತಿ ಕೆಲಸಕ್ಕೆ ಹೋಗಬೇಕೋ ಬೇಡವೋ ಎಂಬುದನ್ನು ಅನೇಕ ಮನೆಗಳಲ್ಲಿ ಈ ಒಂದು ಶುಲ್ಕವೇ ನಿರ್ಧರಿಸುತ್ತದೆ. 2025ರ ಜುಲೈಯಿಂದ ಜಾರಿಗೆ ಬಂದ ರಾಷ್ಟ್ರೀಯ ಕನಿಷ್ಠ ವೇತನವು ಗಂಟೆಗೆ 24.95 ಡಾಲರ್, 38 ಗಂಟೆಯ ವಾರಕ್ಕೆ 948 ಡಾಲರ್. ಇದರಿಂದ ತೆರಿಗೆಯನ್ನೂ ಪೂರ್ಣ ದರದ ಐದು ದಿನದ ಶಿಶುಪಾಲನೆಯನ್ನೂ ಕಳೆದರೆ ಏನು ಉಳಿದೀತೆಂದು ವಾಚಕರೇ ಎಣಿಸಬಹುದು. ಕನಿಷ್ಠ ವೇತನವು ಪ್ರತಿ ಜುಲೈಯಲ್ಲಿ ಪರಿಷ್ಕರಣೆಗೊಳ್ಳುವುದುಂಟು.

ಎಲ್ಲ ನಗರಗಳ ವ್ಯವಸ್ಥೆ ಒಂದೇ ಅಲ್ಲ. ಮೆಲ್ಬರ್ನ್‌ನಲ್ಲಿ ಮೈಕಿ ಕಾರ್ಡು. 2015ರಿಂದ ಅಲ್ಲಿ ನಗರದ ಅಂಚಿನಿಂದ ಬರುವವನಿಗೂ ಮಧ್ಯದಲ್ಲಿರುವವನಿಗೂ ಬಹುಮಟ್ಟಿಗೆ ಒಂದೇ ದರ; 2025ರಲ್ಲಿ ಅದು ದಿನಕ್ಕೆ 11 ಡಾಲರ್ ಇತ್ತು. ನಗರಮಧ್ಯದ ಟ್ರಾಮ್ ವಲಯದಲ್ಲಿ ದರವೇ ಇಲ್ಲ. 18 ವರ್ಷದೊಳಗಿನವರಿಗೆ ವಿಕ್ಟೋರಿಯ ರಾಜ್ಯವು 2026ರ ಜನವರಿಯಿಂದ ಉಚಿತ ಪ್ರಯಾಣವನ್ನು ಪ್ರಕಟಿಸಿತು. ಎರಡು ಮೂರು ಮಕ್ಕಳ ಮನೆಗೆ ಇದು ಸಣ್ಣ ನೆರವಲ್ಲ. ಟಾರ್ನಿಟ್‌ನಲ್ಲಿ 2015ರಲ್ಲಿ ರೈಲು ನಿಲ್ದಾಣ ತೆರೆಯಿತು. ಆದರೆ ಅಲ್ಲಿ ನಿಲ್ಲುವುದು ನಗರದ ವಿದ್ಯುತ್ ರೈಲಲ್ಲ, ದೂರದ ಊರುಗಳಿಂದ ಬರುವ ರೈಲು. ಅದರ ನೂಕುನುಗ್ಗಲಿನ ಕಥೆಯನ್ನು ಅಲ್ಲಿಯವರ ಬಾಯಿಂದಲೇ ಕೇಳಬೇಕು. ಕ್ವೀನ್ಸ್‌ಲ್ಯಾಂಡಿನದು ಮತ್ತೊಂದು ಬಗೆ. ಅಲ್ಲಿ 2024ರ ಆಗಸ್ಟ್ 5ರಿಂದ ದೂರವೆಷ್ಟೇ ಇರಲಿ ಒಂದು ಪ್ರಯಾಣಕ್ಕೆ 50 ಸೆಂಟ್ ಎಂದು ಪ್ರಯೋಗಾರ್ಥವಾಗಿ ಆರಂಭಿಸಿ, ಬಳಿಕ ಅದನ್ನೇ ಖಾಯಂ ಮಾಡಿದರು. ಬ್ರಿಸ್ಬೇನ್‌ನಲ್ಲಿ ವಾರಕ್ಕೆ ಐದು ದಿನ ಹೋಗಿಬರುವವನಿಗೆ ತಗಲುವುದು 5 ಡಾಲರ್. ಸಿಡ್ನಿಯ ಮಿತಿಯ ಹತ್ತನೆಯ ಒಂದು ಪಾಲು. ಎರಡು ನಗರಗಳಿಂದಲೂ ಕೆಲಸದ ಕರೆ ಬಂದವರು ಸಂಬಳದ ಅಂಕಿಗಳನ್ನಷ್ಟೇ ಹೋಲಿಸದೆ ಇದನ್ನೂ ತಕ್ಕಡಿಗೆ ಹಾಕುವುದು ಲೇಸು. ಎಲ್ಲಿಯೇ ಆಗಲಿ ಸಿಡ್ನಿಯಂಥ ನಗರದಲ್ಲಿ ಇಳಿಯುವಾಗ ಕಾರ್ಡನ್ನು ಮತ್ತೆ ತೋರಿಸಲು ಮರೆತರೆ ಯಂತ್ರವು ಅತ್ಯಂತ ದೂರದ ದರವನ್ನು ಮುರಿದುಕೊಳ್ಳುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಅರ್ಹ ಶಾಲಾ ಮಕ್ಕಳಿಗೆ ಉಚಿತ ಪ್ರಯಾಣವಿದೆ. ಎರಡನೆಯ ತರಗತಿಯವರೆಗೆ ದೂರದ ನಿಬಂಧನೆಯಿಲ್ಲ, ಮೂರರಿಂದ ಆರನೆಯ ತರಗತಿಯವರು ಶಾಲೆಯಿಂದ ನೇರ ರೇಖೆಯಲ್ಲಿ 1.6 ಕಿಲೋಮೀಟರಿಗಿಂತ ಹೆಚ್ಚು, ಅಥವಾ ನಡೆಯುವ ದಾರಿಯಲ್ಲಿ 2.3 ಕಿಲೋಮೀಟರ್ ಅಥವಾ ಹೆಚ್ಚು ದೂರದಲ್ಲಿರಬೇಕು.

ವಾಹನ ನಡೆಸುವ ಪರವಾನಿಗೆಯ ವಿಷಯವನ್ನು ನಮ್ಮವರು ಹಗುರವಾಗಿ ಕಾಣುತ್ತಾರೆ. ಅಲ್ಲಿಯೂ ರಸ್ತೆಯ ಎಡಭಾಗದಲ್ಲಿಯೇ ಓಡಿಸುವುದು, ಅದು ಅನುಕೂಲವೇ. ಆದರೆ ನಮ್ಮ ಪರವಾನಿಗೆಯನ್ನು ನೇರವಾಗಿ ಬದಲಾಯಿಸಿ ಕೊಡುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ ಖಾಯಂ ನಿವಾಸಿಯು 3 ತಿಂಗಳೊಳಗೆ, ತಾತ್ಕಾಲಿಕ ವೀಸಾದವನು 6 ತಿಂಗಳೊಳಗೆ ನಿಯಮಗಳ ಪರೀಕ್ಷೆಯನ್ನೂ ಚಾಲನೆಯ ಪರೀಕ್ಷೆಯನ್ನೂ ಕೊಟ್ಟು ಅಲ್ಲಿಯ ಪರವಾನಿಗೆಯನ್ನು ಪಡೆಯಬೇಕು. ಚಾಲನೆಯಲ್ಲಿ ಅನುತ್ತೀರ್ಣನಾದರೆ ಭಾರತದ ಪರವಾನಿಗೆಯ ಬಲದಿಂದ ಓಡಿಸುವ ಸೌಲಭ್ಯವೂ ಆ ದಿನವೇ ಹೋಗುತ್ತದೆ. ಹಾಗಾಗಿ ಸಿದ್ಧತೆಯಿಲ್ಲದೆ ಪರೀಕ್ಷೆಗೆ ಕುಳಿತುಕೊಳ್ಳುವುದು ವಿವೇಕವಲ್ಲ. ಇನ್ನು, ಊರಿನಲ್ಲಿ ಎಂದೂ ವಾಹನ ಮುಟ್ಟದ ಗೃಹಿಣಿಯರ ಸಂಗತಿ. ಮೂವತ್ತು ಮನೆಗಳ ಕೇರಿಯಲ್ಲಿ ಹಗಲಿನಲ್ಲಿ ಮನುಷ್ಯರ ಮುಖ ಕಾಣದು, ಬಸ್ಸು ಗಂಟೆಗೊಮ್ಮೆ; ಇಂಥಲ್ಲಿ ಚಾಲನೆ ಬಾರದ ಹೆಣ್ಣುಮಗಳು ಒಳ್ಳೆಯ ಮನೆಯಲ್ಲಿದ್ದೂ ಬಂದಿಯೇ ಸರಿ. 25 ವರ್ಷ ತುಂಬಿದವರಿಗೆ ಆ ರಾಜ್ಯದಲ್ಲಿ 120 ಗಂಟೆಯ ಅಭ್ಯಾಸ ಪುಸ್ತಕದ ಕಟ್ಟುಪಾಡಿಲ್ಲ. ಹೊರಡುವ ಮೊದಲೇ ಊರಿನಲ್ಲಿ ಕಾರು ಕಲಿತು ಪರವಾನಿಗೆ ತೆಗೆದುಕೊಂಡಿದ್ದರೆ ಅಲ್ಲಿ ಕಲಿಸುವವರಿಗೆ ಗಂಟೆಯ ಲೆಕ್ಕದಲ್ಲಿ ತೆರುವ ಹಣದಲ್ಲಿ ಬಹುಭಾಗ ಉಳಿಯುತ್ತದೆ. ಪ್ರಯಾಣದ ಪೆಟ್ಟಿಗೆಗಳಿಗೆ ಖರ್ಚು ಮಾಡುವ ಹಣವನ್ನು ಇದಕ್ಕೆ ಮಾಡಬೇಕೆಂದು ನಾನು ಹೇಳಿಯೇನು. ಏಳು ವರ್ಷದೊಳಗಿನ ಮಗುವನ್ನು ಕಾರಿನಲ್ಲಿ ಅದಕ್ಕೆಂದೇ ಇರುವ ಆಸನದಲ್ಲಿ ಕೂರಿಸುವುದು ಕಾನೂನು. ತೊಡೆಯ ಮೇಲೆ ಕೂರಿಸಿಕೊಳ್ಳುವ ನಮ್ಮ ರೂಢಿ ಅಲ್ಲಿ ನಡೆಯದು.

ಪೆಟ್ರೋಲಿನ ಬೆಲೆ ಅಲ್ಲಿ ದೊಡ್ಡ ನಗರಗಳಲ್ಲಿ ಅಲೆಯಂತೆ ಏರಿಳಿಯುತ್ತದೆ. ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯದಲ್ಲಿ 2001ರಿಂದ ಮರುದಿನದ ಬೆಲೆಯನ್ನು ಹಿಂದಿನ ದಿನವೇ ಸಾರಿ, ಇಪ್ಪತ್ತನಾಲ್ಕು ಗಂಟೆ ಅದನ್ನು ಬದಲಿಸದಿರುವ ನಿಯಮವಿದೆ. ನ್ಯೂ ಸೌತ್ ವೇಲ್ಸ್‌ನಲ್ಲಿಯೂ 2016ರಿಂದ ಪ್ರತಿ ಬಂಕಿನ ದರವನ್ನು ಮೊಬೈಲಿನಲ್ಲಿ ನೋಡಬಹುದು.

ಆಹಾರದ ವಿಷಯದಲ್ಲಿ ನಮ್ಮವರಿಗೆ ಅಷ್ಟೇನೂ ತೊಂದರೆಯಿಲ್ಲ. ವುಲ್‌ವರ್ತ್ಸ್ ಮತ್ತು ಕೋಲ್ಸ್ ಎಂಬ ಎರಡು ದೊಡ್ಡ ಅಂಗಡಿ ಸಮೂಹಗಳು ವ್ಯಾಪಾರದ ಬಹುಭಾಗವನ್ನು ಹಿಡಿದಿವೆ; 2001ರಲ್ಲಿ ಬಂದ ಆಲ್ಡಿ ಮೂರನೆಯದು. 2009ರಿಂದ ದೊಡ್ಡ ಅಂಗಡಿಗಳು ಪ್ರತಿ ವಸ್ತುವಿನ ಬೆಲೆಯ ಕೆಳಗೆ ನೂರು ಗ್ರಾಮಿಗೋ ಕಿಲೋಗೋ ಎಷ್ಟಾಯಿತೆಂದು ಮುದ್ರಿಸಬೇಕು. ಆ ಸಣ್ಣ ಅಕ್ಷರವನ್ನು ಓದುವ ಗೃಹಿಣಿ ಮೋಸಹೋಗುವುದು ಕಡಿಮೆ. ತಾಜಾ ತರಕಾರಿ, ಹಣ್ಣು, ಹಾಲು, ಅಕ್ಕಿಯಂಥ ಮೂಲ ಆಹಾರಕ್ಕೆ ಶೇಕಡಾ 10ರ ಸರಕು ಸೇವಾ ತೆರಿಗೆಯಿಲ್ಲ. ಬೇಳೆಕಾಳುಗಳನ್ನು ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಂಥ ಕಡೆಗಳಲ್ಲಿಯ ಭಾರತೀಯ ಅಂಗಡಿಗಳಿಂದ ದೊಡ್ಡ ಚೀಲಗಳಲ್ಲಿ ಕೊಳ್ಳುವುದು ಲಾಭಕರ. ಕಡಲೆಯನ್ನಂತೂ ಆ ದೇಶವೇ ಬೆಳೆದು ನಮಗೆ ಕಳುಹಿಸುತ್ತದೆ. ಒಂದು ವಿನೋದದ ಸಂಗತಿಯನ್ನು ಇಲ್ಲಿ ಹೇಳದಿರಲಾರೆ: ಕ್ವೀನ್ಸ್‌ಲ್ಯಾಂಡ್ ಮತ್ತು ಉತ್ತರ ನ್ಯೂ ಸೌತ್ ವೇಲ್ಸ್‌ನ ಕಪ್ಪು ಭೂಮಿಯಲ್ಲಿ ಜೋಳವನ್ನು ಯಥೇಚ್ಛವಾಗಿ ಬೆಳೆಯುತ್ತಾರೆ, ಆದರೆ ಅದು ಬಹುಪಾಲು ದನಗಳ ಮೇವಿಗೂ ರಫ್ತಿಗೂ ಹೋಗುತ್ತದೆ. ರೊಟ್ಟಿಯ ಹಿಟ್ಟಿಗೆ ನಮ್ಮವರು ಭಾರತದಿಂದ ಬಂದ ಪೊಟ್ಟಣವನ್ನೇ ಹುಡುಕಿಕೊಂಡು ಹೋಗಬೇಕು. ಊರಿನಿಂದ ಒಯ್ಯುವ ಬೀಜ, ಕರಿಬೇವು, ಹಾಲಿನ ಸಿಹಿತಿಂಡಿ, ಚಟ್ನಿಪುಡಿ ಯಾವುದೇ ಇರಲಿ, ವಿಮಾನ ನಿಲ್ದಾಣದಲ್ಲಿ ಘೋಷಿಸಲೇಬೇಕು. ಮುಚ್ಚಿಟ್ಟರೆ ಸ್ಥಳದಲ್ಲಿಯೇ ಭಾರಿ ದಂಡ.

ವಿದ್ಯುತ್ತಿನ ಬಿಲ್ಲು ಹಲವೆಡೆ ಮೂರು ತಿಂಗಳಿಗೊಮ್ಮೆ ಬರುವುದರಿಂದ ಅದನ್ನು ಮರೆತಿರುವುದು ಸುಲಭ. ಬಳಸಿದರೂ ಬಳಸದಿದ್ದರೂ ದಿನಕ್ಕಿಷ್ಟು ಎಂಬ ಸಂಪರ್ಕ ಶುಲ್ಕ, ಅದರ ಮೇಲೆ ಬಳಕೆಯ ದರ. ಮೆಲ್ಬರ್ನ್‌ನ ಮೊದಲ ಚಳಿಗಾಲ ಕಳೆದು ಬರುವ ಬಿಲ್ಲನ್ನು ಎದುರಿಸಲು ವಾರವಾರವೂ ಸ್ವಲ್ಪ ತೆಗೆದಿಡುವುದು ಕ್ಷೇಮ.

ಆರೋಗ್ಯದ ವಿಚಾರದಲ್ಲಿ ಒಂದೆರಡು ಮಾತು. 1984ರಲ್ಲಿ ಪ್ರಾರಂಭವಾದ ಮೆಡಿಕೇರ್ ವ್ಯವಸ್ಥೆಯು ಖಾಯಂ ನಿವಾಸಿಗಳಿಗೆ ಅನ್ವಯಿಸುತ್ತದೆ. ಭಾರತದೊಡನೆ ಪರಸ್ಪರ ಚಿಕಿತ್ಸಾ ಒಪ್ಪಂದವಿಲ್ಲದ ಕಾರಣ ವಿದ್ಯಾರ್ಥಿಗಳೂ ತಾತ್ಕಾಲಿಕ ನೌಕರರೂ ಖಾಸಗಿ ವಿಮೆಯನ್ನು ಕೊಳ್ಳಲೇಬೇಕು. ಆಂಬುಲೆನ್ಸ್ ವೆಚ್ಚವು ಮೆಡಿಕೇರಿನಲ್ಲಿ ಸೇರಿಲ್ಲ. ಕ್ವೀನ್ಸ್‌ಲ್ಯಾಂಡ್ ಮತ್ತು ಟಾಸ್ಮೇನಿಯದ ನಿವಾಸಿಗಳಿಗೆ ಅದು ಉಚಿತ, ಉಳಿದ ಕಡೆ ಬೇರೆ ವಿಮೆ ಇರಬೇಕು. ಖಾಯಂ ನಿವಾಸಿಗಳಾಗಿ ಬಂದವರಿಗೂ ಸರಕಾರದ ಬಹುತೇಕ ನೆರವುಗಳು ಮೊದಲ ನಾಲ್ಕು ವರ್ಷ ದೊರೆಯವು. ಕೆಲಸ ಹೋದರೆ ಆಶ್ರಯ ಸ್ವಂತ ಉಳಿತಾಯವೊಂದೇ. ಮೂರು ತಿಂಗಳ ಬಾಡಿಗೆ ಮತ್ತು ದಿನಸಿಗೆ ಸಾಲುವಷ್ಟು ಹಣವನ್ನು ಸಾಲವಲ್ಲದ ಮೂಲದಿಂದ ಕೂಡಿಸಿಕೊಂಡ ಮೇಲೆಯೇ ಕುಟುಂಬ ಸಮೇತ ಹೊರಡಬೇಕೆಂಬುದು ನನ್ನ ಅಭಿಪ್ರಾಯ. ಒಬ್ಬರು ಮೊದಲು ಹೋಗಿ ಮನೆ ಹಿಡಿದು, ನಾಲ್ಕಾರು ತಿಂಗಳ ಬಳಿಕ ಉಳಿದವರು ಹೋಗುವುದು ಮನಸ್ಸಿಗೆ ಕಷ್ಟವಾದರೂ ಕೈಗೆ ಹಗುರ.

ವಿದ್ಯಾರ್ಥಿಯಾಗಿ ಹೋಗುವವನು ತನ್ನ ಒಂದು ವರ್ಷದ ಜೀವನವೆಚ್ಚಕ್ಕೆ 29,710 ಡಾಲರ್ ಇದೆಯೆಂದು ತೋರಿಸಬೇಕೆಂದು 2024ರ ಮೇ ತಿಂಗಳಿನಿಂದ ಅಲ್ಲಿಯ ಸರಕಾರ ವಿಧಿಸಿತು. ಇದು ಆಗಿನ ರಾಷ್ಟ್ರೀಯ ಕನಿಷ್ಠ ವೇತನದ ಶೇಕಡಾ 75 ಎಂದು ಹಿಡಿದ ಅಂಕಿ. ವಾರಕ್ಕೆ ಸುಮಾರು 571 ಡಾಲರ್. ಮೇಲೆ ಕಲ್ಪಿಸಿದ ಎರಡು ಮನೆಗಳ ಪೈಕಿ ಕಡಿಮೆಯದರ ಬಾಡಿಗೆಗೂ ಇದು ಸಾಲದೆಂಬುದನ್ನು ಗಮನಿಸಿದರೆ, ವಿದ್ಯಾರ್ಥಿಗಳು ಒಂದೊಂದು ಕೋಣೆಯನ್ನು ಹಂಚಿಕೊಂಡು ಇರುವುದೇಕೆಂದು ಪಾಲಕರಿಗೆ ತಿಳಿದೀತು.

ಕೊನೆಗೆ, ಮಕ್ಕಳನ್ನು ನೋಡಲು ಆರು ತಿಂಗಳ ಮಟ್ಟಿಗೆ ಹೋಗುವ ತಂದೆತಾಯಿಗಳ ಮಾತು. ಸಿಡ್ನಿಯಲ್ಲಿ ಹಿರಿಯ ನಾಗರಿಕರ ಕಾರ್ಡು ಪಡೆದವರು ದಿನವೆಲ್ಲ ಎರಡೂವರೆ ಡಾಲರಿನಲ್ಲಿ ಓಡಾಡಬಹುದು. ಆದರೆ ಆ ಕಾರ್ಡು ಅಲ್ಲಿಯ ಖಾಯಂ ನಿವಾಸಿಗಳಿಗೆ ಮಾತ್ರ, ಸಂದರ್ಶಕರಾಗಿ ಹೋದ ಹಿರಿಯರು ಪೂರ್ಣ ದರ ಕೊಡಬೇಕು. ಸಿಡ್ನಿಯ ವಿಮಾನ ನಿಲ್ದಾಣದ ರೈಲಿಗೆ ದರದ ಮೇಲೆ ಪ್ರತ್ಯೇಕ ಪ್ರವೇಶ ಶುಲ್ಕವೂ ಉಂಟು. ಮಗನಿಗೆ ರಜೆ ಸಿಕ್ಕ ದಿನವಷ್ಟೇ ಹೊರಗೆ ಹೋಗುವ ಹಿರಿಯರು ಆ ಆರು ತಿಂಗಳಲ್ಲಿ ನಾಲ್ಕು ಗೋಡೆಗಳನ್ನೇ ಹೆಚ್ಚಾಗಿ ಕಂಡು ಮರಳುತ್ತಾರೆ. ಬ್ರಿಸ್ಬೇನ್‌ನಲ್ಲಿ ನೆಲೆಸಿದವರ ತಂದೆತಾಯಿಗಳಿಗೆ ಈ ಮಟ್ಟಿಗೆ ಅದೃಷ್ಟವಿದೆ. ಅಲ್ಲಿ ಸಂದರ್ಶಕನಿಗೂ ನಿವಾಸಿಗೂ ಅದೇ ಅರ್ಧ ಡಾಲರ್. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ರೈಲು ಹತ್ತಿ, ಹೆಲೆನ್ಸ್‌ವೇಲ್‌ನಲ್ಲಿ ಇಳಿದು ಟ್ರಾಮ್ ಹಿಡಿದರೆ ಗೋಲ್ಡ್ ಕೋಸ್ಟಿನ ಸಮುದ್ರದವರೆಗೂ ಹೋಗಿ ಬರಬಹುದು.